ರೈತರ ಮನೋಭಾವದ ಅಳತೆ

ಹೊಸ ಬೇಸಾಯಕ್ರಮವೊಂದನ್ನು ಹಳ್ಳಿಗಳಲ್ಲಿ ಪ್ರಚಾರಮಾಡುವುದಕ್ಕೆ ಮೊದಲು, ಅದರ ವಿಷಯದಲ್ಲಿ ರೈತರ ಮನೋಭಾವವೇನೆಂದು ವಿಚಾರಿಸುವ ಪದ್ಧತಿಯುಂಟು. ಒಂದು ವಾಕ್ಯವನ್ನು ಓದಿಹೇಳಿ, ‘ಸ್ವಲ್ಪವೂ ಒಪ್ಪೆನು’ ಎಂದವರಿಗೆ ೧, ‘ಒಪ್ಪೆನು’ ಎಂದವರಿಗೆ ೨, ‘ಹೇಳಲಾರೆ’ ಎಂದವರಿಗೆ ೩, ‘ಒಪ್ಪುವೆನು’ ಎಂದವರಿಗೆ ೪, ‘ಪೂರ್ಣವಾಗಿ ಒಪ್ಪುವೆನು’ ಎಂದವರಿಗೆ ೫ ಅಂಕಗಳನ್ನು ಹಾಕುವರು. ಈ ಕ್ರಮವನ್ನು ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬ ವಿದ್ವಾಂಸರು ೧೯೩೨ರಲ್ಲಿ ಪ್ರಕಟಿಸಿದರು. ಮುಂದೆ ಅವರು ಆ ದೇಶದ ಕೃಷಿ ಇಲಾಖೆಯಲ್ಲಿಯೇ ಬೇಸಾಯಗಾರರ ಅಭಿಪ್ರಾಯಗಳನ್ನು ಸಂಗ್ರಹಿಸುವ ಶಾಖೆಯನ್ನು ನಡೆಸಿದರು.

ತೊಗರಿಯ ಸಸಿಗಳನ್ನು ಮೊದಲು ಬೆಳೆಸಿ, ಬಳಿಕ ಹೊಲದಲ್ಲಿ ನಾಟಿಮಾಡುವ ಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಾಲ್ಕಿ ತಾಲ್ಲೂಕಿನ ಒಂದೂರಿನಲ್ಲಿ ೨೦ ಮಂದಿಯೂ ‘ಹೇಳಲಾರೆ’ ಎಂದರೆಂದೂ, ಔರಾದ ತಾಲ್ಲೂಕಿನ ಒಂದೂರಿನಲ್ಲಿ ೧೦ ಮಂದಿ ಪೂರ್ಣವಾಗಿ ಒಪ್ಪಿ ೧೦ ಮಂದಿ ಸ್ವಲ್ಪವೂ ಒಪ್ಪಲಿಲ್ಲವೆಂದೂ ಭಾವಿಸೋಣ. ಎರಡು ಕಡೆಯೂ ಸರಾಸರಿ ೩. ಆದರೆ ಮೊದಲನೆಯ ಊರಿಗೆ ಬೇಕಾದುದು ಪ್ರಾತ್ಯಕ್ಷಿಕೆ; ಎರಡನೆಯದರಲ್ಲಿ ಒಪ್ಪದವರಿಗೆ ಅಡ್ಡಿಯಾದುದು ನೀರಿನ ಕೊರತೆಯೋ ಆಳಿನ ಕೊರತೆಯೋ ಎಂಬುದನ್ನು ವಿಚಾರಿಸತಕ್ಕದ್ದು. ಬೀದರ ನಗರದ ಕಚೇರಿಯಲ್ಲಿ ಸರಾಸರಿಯೊಂದನ್ನೇ ನೋಡಿ ಎರಡಕ್ಕೂ ಒಂದೇ ಏರ್ಪಾಡು ಮಾಡಿದರೆ ಹಣವೂ ಹಂಗಾಮೂ ವ್ಯರ್ಥವಾಗುವುವು.

ಇದಕ್ಕೆ ಕಾರಣವೇನೆಂದರೆ, ಈ ಅಂಕಗಳು ಧಾನ್ಯದ ತೂಕದಂತಲ್ಲ. ಮೇಲುಕೆಳಗನ್ನು ತೋರಿಸುವ ಮೆಟ್ಟಿಲುಗಳು ಮಾತ್ರ. ೩ರಿಂದ ೪ಕ್ಕೆ ಏರುವುದೂ ೪ರಿಂದ ೫ಕ್ಕೆ ಏರುವುದೂ ಸಮವೆಂದು ಹೇಳಲಾಗದು. ಪೀಟರ್ ಮೆಕಲ್ಲಾ ಎಂಬವರು ೧೯೮೦ರಲ್ಲಿ ವಿವರಿಸಿದ ಗಣಿತಕ್ರಮದಲ್ಲಿ ಮೆಟ್ಟಿಲುಗಳ ಎತ್ತರವನ್ನು ಉತ್ತರಗಳಿಂದಲೇ ಅಂದಾಜುಮಾಡಿ, ನೀರಾವರಿ, ಹಿಡುವಳಿ ಮೊದಲಾದುವುಗಳಿಗನುಸಾರವಾಗಿ ಒಪ್ಪಿಗೆಯು ಎಷ್ಟು ಹೆಚ್ಚುಕಡಮೆಯಾಗುವುದೆಂದು ತಿಳಿಯಬಹುದು. ಡೇವಿಡ್ ಆಂಡ್ರಿಚ್ ಎಂಬವರ ೧೯೭೮ರ ಕ್ರಮವು ಪ್ರಶ್ನೆಗಳ ಕಾಠಿನ್ಯವನ್ನೂ ಗಣಿಸುವುದು. ‘ನಾಟಿ ತೊಗರಿ ಒಳ್ಳೆಯದು’ ಎಂಬ ಮಾತನ್ನು ಒಪ್ಪುವುದು ಸುಲಭ. ‘ಬರುವ ಮುಂಗಾರಿನಲ್ಲಿ ನನ್ನ ಖರ್ಚಿನಿಂದ ಒಂದೆಕರೆ ನಾಟಿಮಾಡುವೆನು’ ಎಂಬುದನ್ನು ಒಪ್ಪುವುದು ಕಷ್ಟ. ಎರಡಕ್ಕೂ ದೊರೆತ ೪ ಒಂದೇ ಬೆಲೆಯದಲ್ಲ.

ಲೆಕ್ಕವು ಎಷ್ಟು ಸೂಕ್ಷ್ಮವಾದರೂ ಉತ್ತರವು ಸತ್ಯವಾಗಿರದಿದ್ದರೆ ಫಲವಿಲ್ಲ. ಊರ ಹಿರಿಯರ ಎದುರಿನಲ್ಲಿ ಚಿಕ್ಕ ಹಿಡುವಳಿದಾರನು ‘ಒಪ್ಪುವೆನು’ ಎಂದು ಮರ್ಯಾದೆಗಾಗಿ ಹೇಳುವುದುಂಟು. ಆದುದರಿಂದ ವಿಚಾರಣೆಗೆ ಬಂದವರಿಗೆ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಎಲ್ಲರ ಪರವಾಗಿ ತಾವೇ ಉತ್ತರವನ್ನು ಕೊಡದೆ, ಗೇಣಿದಾರರನ್ನೂ ಕೂಲಿಯವರನ್ನೂ ಹೆಂಗಸರನ್ನೂ ಪ್ರತ್ಯೇಕವಾಗಿ ಕಾಣುವಂತೆ ಅನುಕೂಲ ಮಾಡಿಕೊಡತಕ್ಕದ್ದು. ಊರಿಗೆ ತಕ್ಕ ಸಹಾಯವು ಊರಿನ ನಿಜವಾದ ಮಾತಿನಿಂದಲೇ ದೊರೆಯುವುದು.