ಸಂತ ಅಗಸ್ಟೀನರ ಹಬ್ಬ: ‘ನಾಳೆ’ ಎಂಬ ಮಾತು



ಆಗಸ್ಟ್ 27ರಂದು ತಾಯಿ ಸಂತ ಮೋನಿಕ, ಮರುದಿನ ಮಗ ಸಂತ ಅಗಸ್ಟೀನ್. ಧರ್ಮಸಭೆ ಈ ತಾಯಿ-ಮಗನ ಹಬ್ಬಗಳನ್ನು ಒಂದರ ಹಿಂದೆ ಒಂದರಂತೆ ಆಚರಿಸುತ್ತದೆ. ಆ ಹೊತ್ತಿಗೆ ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಹೆಸರು ಬಿಡಿಸುವ ಗಡಿಬಿಡಿ. ಅದು ಮುಗಿದರೆ ಹಿಂಗಾರಿಯ ಕಡಲೆ, ಜೋಳದ ಚಿಂತೆ. ಎರೆಮಣ್ಣಿನ ಗುಣ ನಿಮಗೆ ಗೊತ್ತು. ಹಸಿ ಹೆಚ್ಚಾದರೆ ಕೂರಿಗೆ ನಡೆಯದು, ಒಣಗಿದರೆ ನೆಲ ಬಿರಿಯುತ್ತದೆ. ನಡುವೆ ಸಿಗುವ ಹದ ಕೆಲವೇ ದಿನ. ಹೊಲದಲ್ಲಿ ಆ ಹದ ತಪ್ಪಿಸದ ನಾವು ಬಾಳಿನಲ್ಲಿ ಮಾತ್ರ ‘ನಾಳಿ ನೋಡೂಣ ಬಿಡ್ರಿ’ ಎನ್ನುತ್ತೇವೆ. ಮಗಳ ನರ್ಸಿಂಗ್ ಅರ್ಜಿ, ಅಣ್ಣನೊಡನೆ ಬಿಟ್ಟ ಮಾತು, ವರ್ಷಗಟ್ಟಲೆ ಮಾಡದ ಪಾಪನಿವೇದನೆ, ಬಿಡಬೇಕೆಂದಿರುವ ಕುಡಿತ, ಎಲ್ಲಕ್ಕೂ ಮೊದಲು ಸುಗ್ಗಿ ಮುಗಿಯಬೇಕು!

ಅಗಸ್ಟೀನರೂ ಇದೇ ರೋಗದವರು. ಆಫ್ರಿಕದ ತಗಾಸ್ತೆಯಲ್ಲಿ 354ರಲ್ಲಿ ಹುಟ್ಟಿದ ಅವರು 19ನೆಯ ವಯಸ್ಸಿನಲ್ಲಿ ಸಿಸೆರೋನ ಒಂದು ಗ್ರಂಥ ಓದಿ, ಸತ್ಯವನ್ನೇ ಅರಸಬೇಕೆಂದು ನಿಶ್ಚಯಿಸಿದರು. ಹನ್ನೆರಡು ವರ್ಷ ಕಳೆದರೂ ಹೆಜ್ಜೆ ಮುಂದಿಡಲಿಲ್ಲ. ಅವರನ್ನು ಸೋಮಾರಿ ಎನ್ನುವಂತಿಲ್ಲ. ಮಿಲಾನ್ ನಗರದಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕರಾಗಿದ್ದವರು. ತಡೆದದ್ದು ಅಂಜಿಕೆ. ಏಳಬೇಕೆಂದು ಗೊತ್ತಿದ್ದೂ ಮತ್ತೆ ನಿದ್ದೆಗೆ ಜಾರುವವನಿಗೆ ಅವರು ತಮ್ಮ ಆತ್ಮಕಥನದಲ್ಲಿ ತಮ್ಮನ್ನು ಹೋಲಿಸಿಕೊಳ್ಳುತ್ತಾರೆ. ಹಳೆಯ ಚಟಗಳು ಬಟ್ಟೆ ಹಿಡಿದು ಜಗ್ಗುತ್ತಿದ್ದವಂತೆ. ಶುದ್ಧ ಜೀವನವನ್ನು ಬೇಡುತ್ತಲೇ, ಅದು ಇವತ್ತೇ ಬಾರದಿರಲಿ ಎಂದೂ ಬಯಸುತ್ತಿದ್ದರು. ನನಗನಿಸುವಂತೆ ಮುಂದೂಡುವವರಲ್ಲಿ ಸೋಮಾರಿಗಳು ಕಡಿಮೆ. ಇರುವುದನ್ನು ಕಳೆದುಕೊಂಡೇವು, ಜನ ನಕ್ಕಾರು ಎಂದು ಹೆದರುವವರೇ ಹೆಚ್ಚು. ಅಂಥವರನ್ನು ಬೈದು ಎಬ್ಬಿಸಲಾಗದು.

ಜನರ ಮಾತಿಗೆ ಅಂಜದೆ ನಡೆದವರು ನಮ್ಮ ನೆಲದಲ್ಲೇ ಇದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು. ಹೆಣ್ಣುಮಗಳು ಹಾಡುವುದನ್ನು ಹಗುರವಾಗಿ ಕಾಣುತ್ತಿದ್ದ ಕಾಲ, ಮನೆಯಲ್ಲಿ ಮಕ್ಕಳು. ಅವರು ದೊಡ್ಡವರಾಗಲಿ ಎಂದು ಕಾದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಜಲಂಧರದವರೆಗೂ ಹೋದರು. ಕೊನೆಗೆ ಗುರು ದೊರೆತದ್ದು ಮನೆಗೆ ಸಮೀಪದ ಕುಂದಗೋಳದಲ್ಲಿ. (ಮಕ್ಕಳೇ, ಮನೆ ಬಿಟ್ಟು ಓಡಿಹೋಗಿ ಎಂದು ನಾನು ಹೇಳುತ್ತಿಲ್ಲ!)

ಹಾಗೆಂದು ಕಾಯುವುದೂ ಮುಂದೂಡುವುದೂ ಒಂದೇ ಅಲ್ಲ. ಹದಕ್ಕಾಗಿ ಕಾಯುವ ರೈತ ಬೀಜ ತೆಗೆದಿಟ್ಟು, ಕೂರಿಗೆ ಸಜ್ಜುಮಾಡಿ ಕಾಯುತ್ತಾನೆ. 386ರಲ್ಲಿ ಮಿಲಾನಿನ ತೋಟದಲ್ಲಿ ಮಗುವಿನ ದನಿ ಕೇಳಿ, ಸಂತ ಪೌಲರ ಪತ್ರ ತೆರೆದು ಓದಿದ ಅಗಸ್ಟೀನರು ಕೂಡಲೇ ಒಳಗೆ ಹೋಗಿ ತಾಯಿಗೆ ತಿಳಿಸಿದರು. ಹುದ್ದೆಯನ್ನು ಮಾತ್ರ ಮರುದಿನವೇ ಬಿಡಲಿಲ್ಲ; ದ್ರಾಕ್ಷಿ ಸುಗ್ಗಿಯ ರಜೆಗೆ ಉಳಿದಿದ್ದ ಕೆಲವು ದಿನ ಕಾದರು. ಅವರೂ ಸುಗ್ಗಿಗೇ ಕಾದರೆನ್ನಿ. ಆದರೆ ಅಷ್ಟರಲ್ಲಿ ಮಾತು ಆಡಿಯಾಗಿತ್ತು, ಕೇಳಿಸಿಕೊಂಡ ತಾಯಿ ಮನೆಯಲ್ಲೇ ಇದ್ದರು. ಮನಸ್ಸಿನಲ್ಲಿರುವುದನ್ನು ನಂಬಿಕೆಯ ಒಬ್ಬರಿಗೆ, ದಿನಾಂಕದೊಂದಿಗೆ, ಈ ಹಬ್ಬದ ಬಲಿಪೂಜೆ ಮುಗಿಸಿ ಮನೆ ಸೇರುವುದರೊಳಗೆ ಹೇಳಿಬಿಡಿ.

387ರ ಪಾಸ್ಕ ಜಾಗರಣೆಯಲ್ಲಿ ಅಗಸ್ಟೀನರು ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಅದೇ ವರ್ಷ, ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯ ಬಂದರಿನಲ್ಲಿ ಮೋನಿಕ ಜ್ವರದಿಂದ ತೀರಿಕೊಂಡರು. ಮಗ ಇನ್ನೊಂದು ವರ್ಷ ತಡಮಾಡಿದ್ದರೆ, ಅವನಿಗಾಗಿ ಅಷ್ಟು ಕಾಲ ಅತ್ತ ಆ ತಾಯಿ ಅದನ್ನು ಕಾಣದೆಯೇ ಹೋಗುತ್ತಿದ್ದರು.