ಶ್ರಾವಣದ ಪುರಾಣ, ಟಾಲ್‌ಸ್ಟಾಯ್ ಕಾದಂಬರಿ

ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ 1869ರಲ್ಲಿ ಪೂರ್ಣವಾಗಿ ಹೊರಬಂತು. ಅದರಲ್ಲಿ 500ಕ್ಕೂ ಹೆಚ್ಚು ಪಾತ್ರಗಳಿವೆ. ಇಂಥ ದೊಡ್ಡ ಕಾದಂಬರಿ ಓದುಗರನ್ನು ಕಲಕುವುದು ಪಾತ್ರಗಳ ಜೊತೆ ಕಳೆದ ಕಾಲದ ಬಲದಿಂದ. ಆಸ್ಟರ್‌ಲಿಟ್ಜ್ ರಣರಂಗದಲ್ಲಿ ಗಾಯಗೊಂಡು ಬಿದ್ದ ಕಾದಂಬರಿಯ ಪ್ರಮುಖ ಪಾತ್ರ ಆಂದ್ರೇಯಿ ಆಕಾಶ ನೋಡುತ್ತಾನೆ. ಸಾಯುವುದು ನೂರಾರು ಪುಟಗಳಾದ ಮೇಲೆ. ಅಷ್ಟರಲ್ಲಿ ಅವನ ಹಮ್ಮು, ಸಿಟ್ಟು, ನತಾಶಾಳ ಮೇಲಿನ ಪ್ರೀತಿ ಎಲ್ಲವೂ ಮನೆಯವರದಷ್ಟೇ ಪರಿಚಿತವಾಗಿರುತ್ತವೆ. ಅವನು ಸಾಯುವ ಪುಟ ಓದಿದಾಗ ನಮ್ಮ ಮನೆಗೇ ಸೂತಕ ಬಂದ ಹಾಗಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಸೀಮೆಗೆ ಕಥೆಯೊಂದರ ಜೊತೆ ಬಹುಕಾಲ ಬಾಳುವ ಈ ಅನುಭವ ಹೊಸದೇನಲ್ಲ. ಶ್ರಾವಣದಲ್ಲಿ ಮಠ, ಗುಡಿಗಳಲ್ಲಿ ತಿಂಗಳಿಡೀ ಪುರಾಣ ಕೇಳುವ, ಬೆಳಗಿನವರೆಗೆ ಬಯಲಾಟ ನೋಡುವ ನಾಡಿದು. ರಷ್ಯನ್ ಕಾದಂಬರಿಯ ಹೆಸರುಗಳೇ ನೆನಪಿರುವುದಿಲ್ಲ ಎಂಬ ಆಕ್ಷೇಪ ನಿಜ: ಒಬ್ಬನಿಗೇ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮೇಲೊಂದು ಮುದ್ದಿನ ಹೆಸರು. ಆದರೆ ಶಾಲೆಯ ದಾಖಲೆಯಲ್ಲೊಂದು, ಮನೆಯಲ್ಲೊಂದು ಹೆಸರು, ಹಿಂದೊಂದು ಅಡ್ಡಹೆಸರು ನಮ್ಮಲ್ಲೂ ಉಂಟಲ್ಲ! ರಷ್ಯದ ಜಮೀನ್ದಾರರ ಕಥೆ ನಮಗೇಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದುದು. ಅದಕ್ಕೆ ಸುರಪುರದಲ್ಲೇ ಉತ್ತರವಿದೆ. ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರ ಸಂಸ್ಥಾನ 1858ರಲ್ಲಿ ಕುಸಿಯಿತು. ಚರಿತ್ರೆ ರಾಜರ ಹೆಸರು ಉಳಿಸಿಕೊಂಡಿತು. ಅವರ ಹಿಂದೆ ನಿಂತ ಬೇಡ ಪಡೆಯ ಸಾಮಾನ್ಯರ ಮನಸ್ಸು ನಮಗೆ ತಿಳಿಯದೇ ಹೋಯಿತು. 1812ರ ನೆಪೋಲಿಯನ್ ದಾಳಿಯಲ್ಲಿ ಟಾಲ್‌ಸ್ಟಾಯ್ ಹುಡುಕಿದ್ದು ಅಂಥವರನ್ನೇ. ಸೆರೆಯಲ್ಲಿ ಮತ್ತೊಬ್ಬ ಪ್ರಮುಖ ಪಾತ್ರ ಪಿಯರ್‌ಗೆ ಆಲೂಗಡ್ಡೆ ಕೊಟ್ಟ ರೈತ ಸಿಪಾಯಿ ಪ್ಲಾತೋನ್ ಕರತಾಯೆವ್ ಎಷ್ಟೋ ಸೇನಾಪತಿಗಳಿಗಿಂತ ದೊಡ್ಡವನಾಗಿ ಕಾಣುತ್ತಾನೆ. ದೇ. ಜವರೇಗೌಡರು ಈ ಕಾದಂಬರಿಯನ್ನು ಕನ್ನಡಕ್ಕೆ ತಂದಿದ್ದಾರೆ. ಬರುವ ಶ್ರಾವಣದಲ್ಲಿ ದಿನಕ್ಕೆ 20 ಪುಟದಂತೆ ಶುರುಮಾಡಿ.