ತಣ್ಣೀರಿನ ದೊಡ್ಡ ಮೀನು: ಕ್ವಿಂಟೆ ಕೊಲ್ಲಿಯ ವಾಲೈ ಬೇಟೆ

ಕೆನಡಾದ ಒಂಟಾರಿಯೊ ಸರೋವರದ ಉತ್ತರ ದಂಡೆಯಿಂದ ಝಡ್ ಅಕ್ಷರದ ಆಕಾರದಲ್ಲಿ ಒಳನಾಡಿಗೆ ಚಾಚಿಕೊಂಡಿರುವ ಕ್ವಿಂಟೆ ಕೊಲ್ಲಿಯಲ್ಲಿ, ಬೇಸಿಗೆಯ ಪ್ರವಾಸಿಗರೆಲ್ಲ ಮನೆ ಸೇರಿದ ನವೆಂಬರಿನ ಕೊರೆಯುವ ಚಳಿಯಲ್ಲಿ ಗಾಳದ ದೋಣಿಗಳು ಮತ್ತೆ ನೀರಿಗಿಳಿಯುತ್ತವೆ. ಅವುಗಳ ಗುರಿ ವಾಲೈ ಎಂಬ ಸಿಹಿನೀರಿನ ಬೇಟೆಗಾರ ಮೀನು. ಅದರಲ್ಲೂ ಸುಮಾರು ನಾಲ್ಕೂವರೆ ಕಿಲೋ ಮೀರಿದ, ಗಾಳದ ಹವ್ಯಾಸಿಗಳು 'ಟ್ರೋಫಿ' ಎಂದು ಎಣಿಸುವ ಗಾತ್ರದ್ದು.

ವಾಲೈ ಮೀನಿನ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಒಂದು ಪದರವಿರುವುದರಿಂದ ಅದರ ಕಣ್ಣು ಇರುಳಿನಲ್ಲಿ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ ತನ್ನ ಆಹಾರದ ಮೀನುಗಳಿಗಿಂತ ಚೆನ್ನಾಗಿ ಕಾಣಬಲ್ಲ ಈ ಮೀನು ಮುಂಜಾನೆ, ಮುಸ್ಸಂಜೆ ಮತ್ತು ಮೋಡ ಕವಿದ ದಿನಗಳಲ್ಲಿ ಚುರುಕಾಗುತ್ತದೆ. 1990ರ ದಶಕದಲ್ಲಿ ಕೊಲ್ಲಿಗೆ ಹೊರಗಿನಿಂದ ಬಂದು ನೆಲೆಸಿದ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಗಳು ನೀರನ್ನು ಸೋಸಿ ತಿಳಿಗೊಳಿಸಿದ ಮೇಲೆ, ಬೆಳಕಿಗೆ ಹಿಂಜರಿಯುವ ಈ ಮೀನು ಇನ್ನಷ್ಟು ಆಳವನ್ನು ಅರಸಬೇಕಾಯಿತು.

ದೊಡ್ಡ ಮೀನಿಗಾಗಿ ಚಳಿಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಅದರ ವಲಸೆ. ವಯಸ್ಸಾದ ವಾಲೈಗಳು ಬೇಸಿಗೆಯಲ್ಲಿ ಏಲ್‌ವೈಫ್ ಎಂಬ ಸಣ್ಣ ಮೀನಿನ ಹಿಂಡುಗಳ ಬೆನ್ನು ಹತ್ತಿ ವಿಶಾಲ ಸರೋವರದಲ್ಲಿ ಅಲೆದು, ಶರತ್ಕಾಲದಲ್ಲಿ ಕೊಲ್ಲಿಗೆ ಮರಳುತ್ತವೆ. ವಸಂತದಲ್ಲಿ ಹಿಮ ಕರಗಿದೊಡನೆ ಮೊಟ್ಟೆಯಿಡಬೇಕಾದ ಹೆಣ್ಣುಗಳು ಮೊಟ್ಟೆಗಳನ್ನು ಒಡಲಲ್ಲಿ ಬೆಳೆಸುತ್ತಿರುವುದು ಇದೇ ತಿಂಗಳುಗಳಲ್ಲಿ. ಅತಿ ದೊಡ್ಡ ವಾಲೈಗಳು ಬಹುಪಾಲು ಹೆಣ್ಣುಗಳೇ ಆಗಿರುವುದರಿಂದ, ಟ್ರೋಫಿ ಎಂದು ಎತ್ತಿ ಹಿಡಿಯುವುದು ಮುಂದಿನ ಪೀಳಿಗೆಯನ್ನು ಹೊತ್ತ ತಾಯಿಮೀನನ್ನೇ ಎಂಬುದು ಈ ಹವ್ಯಾಸದ ಇರುಸುಮುರುಸಿನ ಸಂಗತಿ.

ಮೀನಿನ ಮೈಯ ಉಷ್ಣತೆ ನೀರಿನದನ್ನೇ ಅನುಸರಿಸುವುದರಿಂದ, ನೀರು ತಣ್ಣಗಾದಂತೆ ಅದರ ಜೀರ್ಣಕ್ರಿಯೆಯೂ ಚಲನೆಯೂ ನಿಧಾನವಾಗಿ, ದೂರ ಓಡುವ ಬೇಟೆಯನ್ನು ಅದು ಬೆನ್ನಟ್ಟುವುದಿಲ್ಲ. ಆದ್ದರಿಂದ ಚಲಿಸುವ ದೋಣಿಯ ಹಿಂದೆ ಗಾಳವನ್ನು ಎಳೆದೊಯ್ಯುವ ಟ್ರೋಲಿಂಗ್ ವಿಧಾನದಲ್ಲಿ, ಉದ್ದನೆಯ ಕೃತಕ ಮೀನುಗಳನ್ನು ಕಟ್ಟಿ, ದೋಣಿಯನ್ನು ಗಂಟೆಗೆ ಎರಡು ಮೂರು ಕಿಲೋಮೀಟರಿನಷ್ಟು, ಅಂದರೆ ಮನುಷ್ಯನ ನಡಿಗೆಗಿಂತಲೂ ಮೆಲ್ಲಗೆ ನಡೆಸುತ್ತಾರೆ. ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆಗಳು ದಾರಗಳನ್ನು ದೋಣಿಯ ಎರಡೂ ಪಕ್ಕಗಳಿಗೆ ದೂರ ಒಯ್ಯುವುದರಿಂದ ದಾರಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ, ಎಂಜಿನ್ನಿನ ಸದ್ದಿಗೆ ಬೆದರಿ ಸರಿದ ಮೀನಿನ ಮುಂದೆಯೂ ಗಾಳ ಹಾಯುತ್ತದೆ. ಮೀನುಗಳು ತಳಕ್ಕಂಟದೆ ನೀರಿನ ನಡುವೆ ತೂಗುತ್ತಿರುವುದು ಸಾಮಾನ್ಯವಾದ್ದರಿಂದ ಸೋನಾರ್ ತೋರಿಸುವ ಆಳಕ್ಕೆ ಸರಿಯಾಗಿ ಎಷ್ಟು ದಾರ ಬಿಡಬೇಕೆಂಬ ಲೆಕ್ಕದಲ್ಲೇ ನಾವಿಕನ ಜಾಣ್ಮೆಯೆಲ್ಲ ಅಡಗಿದೆ. ಉಳಿದದ್ದು ಕಾಯುವುದು, ಮತ್ತು ಗಾಳದ ಕೋಲಿನ ಬಳೆಗಳಲ್ಲಿ ಕಟ್ಟಿಕೊಳ್ಳುವ ಮಂಜನ್ನು ಆಗಾಗ ಒಡೆದು ತೆಗೆಯುವುದು.

ಇಂಥ ನೀರಿಗೆ ಬಿದ್ದವರಿಗೆ ಮೊದಲ ನಿಮಿಷದಲ್ಲಿ ಉಸಿರಾಟ ಹತೋಟಿ ತಪ್ಪುತ್ತದೆ, ಸುಮಾರು ಹತ್ತು ನಿಮಿಷಗಳಲ್ಲಿ ಕೈಕಾಲುಗಳ ಶಕ್ತಿ ಉಡುಗುತ್ತದೆ. ಹಾಗಾಗಿ ಎಷ್ಟೇ ನುರಿತ ಈಜುಗಾರನಿಗೂ ಇಲ್ಲಿ ಲೈಫ್ ಜಾಕೆಟ್ ಬೇಕೇ ಬೇಕು.

ಹಿಡಿದ ಮೀನನ್ನು ಅಳೆದು, ಚಿತ್ರ ತೆಗೆದು ಮರಳಿ ಬಿಡುವವರು ಈಗ ಅನೇಕರಿದ್ದಾರೆ. ಗೋಡೆಗೆ ತೂಗುಹಾಕಲು ಮೀನಿನ ಉದ್ದ ಮತ್ತು ಸುತ್ತಳತೆಯ ಆಧಾರದ ಮೇಲೆ ಫೈಬರ್‌ಗ್ಲಾಸಿನ ಪ್ರತಿರೂಪವನ್ನು ಮಾಡಿಸಬಹುದು. ಆದರೆ ಬಿಟ್ಟ ಮೀನೆಲ್ಲ ಬದುಕುತ್ತದೆಂಬ ಖಾತರಿಯಿಲ್ಲ. ವಾಲೈಯ ಒಡಲಿನ ಗಾಳಿಚೀಲ ಗಂಟಲಿಗೆ ತೆರೆದುಕೊಂಡಿಲ್ಲವಾದ್ದರಿಂದ, ಹತ್ತು ಮೀಟರಿಗಿಂತ ಆಳದಿಂದ ಮೀನನ್ನು ಬೇಗನೆ ಮೇಲಕ್ಕೆಳೆದಾಗ ಅದರೊಳಗಿನ ಗಾಳಿ ಉಬ್ಬಿ ಒಳಾಂಗಗಳನ್ನು ಘಾಸಿಗೊಳಿಸಬಹುದು. ಮೀನನ್ನು ಮರಳಿ ಬಿಡುವುದೇ ಉದ್ದೇಶವಾಗಿದ್ದರೆ, ಅದು ಆಳಕ್ಕಿಳಿದ ದಿನ ಗಾಳ ಮೇಲೆತ್ತಿ ದೋಣಿಯನ್ನು ದಡಕ್ಕೆ ತಿರುಗಿಸುವುದೇ ಸರಿಯಾದ ಕ್ರಮ.